ನಿಮ್ಮ ಮನೆಯ ಪೈಪು ಯಾವ ಕಾಲದ್ದು?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಯಾವುದೇ ಹಳೇ ಮನೆಯ ಹಿತ್ತಲಿಗೆ ಹೋಗಿ ನಲ್ಲಿಯ ಪೈಪನ್ನು ಸ್ವಲ್ಪ ಗಮನವಿಟ್ಟು ನೋಡಿ. ರಸ್ತೆ ಕಡೆಯಿಂದ ಬರುವುದು ನೀಲಿ ಗೆರೆ ಇರುವ ಕಪ್ಪು ಪೈಪು. ಗೋಡೆಯೊಳಗೆ ನುಗ್ಗುವುದು ತುಕ್ಕು ಹಿಡಿದ ಜಿಐ ಪೈಪು. ಅಲ್ಲಿಂದ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಹತ್ತುವುದು ಬೂದು ಬಣ್ಣದ ಪಿವಿಸಿ. ಒಂದೇ ಮನೆ, ಮೂರು ಪೈಪು, ಮೂರು ಕಾಲ.

ಮನೆ ರಿಪೇರಿ ಮಾಡಿಸುವಾಗ ಬಣ್ಣ, ಟೈಲ್ಸ್, ಬಾಗಿಲು ಎಲ್ಲಕ್ಕೂ ನಾಲ್ಕು ಜನರನ್ನು ಕೇಳುತ್ತೇವೆ. ಪೈಪಿನ ವಿಷಯ ಬಂದಾಗ ಮಾತ್ರ "ಯಾವ್ದೋ ಒಂದ್ ಹಾಕಪ್ಪ, ನೀರ್ ಬಂದ್ರೆ ಸಾಕು" ಅಂದುಬಿಡುತ್ತೇವೆ. ಆದರೆ ಒಂದೊಂದು ಕಾಲದ ಪೈಪು ಕೆಡುವ ರೀತಿ ಒಂದೊಂದು ಥರ. ಯಾವ ಕಾಲದ್ದು ಗೋಡೆಯೊಳಗಿದೆ ಎಂದು ತಿಳಿಯದೆ ಬದಲಾಯಿಸಲು ಹೋದರೆ ದುಡ್ಡು ಹೋಗುವುದಷ್ಟೇ ಅಲ್ಲ, ಒಂದೊಂದು ಸಲ ಕರೆಂಟು ಹೊಡೆಯುವ ಅಪಾಯವೂ ಇದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನೀರು ನಮ್ಮ ಮನೆಯೊಳಗೆ ಬಂದ ದಾರಿ ನೋಡೋಣ.

ಈ ಮೂರು ತಾಲ್ಲೂಕು ಈಗ ಒಂದೇ ಜಿಲ್ಲೆಯಲ್ಲಿದ್ದರೂ ಚರಿತ್ರೆ ಒಂದೇ ಅಲ್ಲ. ಯಳಂದೂರು ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ ಸೀಮೆ. ಕೊಳ್ಳೇಗಾಲ ಬ್ರಿಟಿಷರ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಅದರೊಳಗಿನ ಒಂದು ಭಾಗ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಹನೂರು ಬೇರೆ ತಾಲ್ಲೂಕಾಗಿದ್ದು ತೀರಾ ಈಚೆಗೆ. ಸರ್ಕಾರ ಬೇರೆ ಬೇರೆ ಇದ್ದರೂ ಮನೆಯ ಹೆಂಗಸರ ಪಾಡು ಒಂದೇ ಆಗಿತ್ತು: ಬೆಳಗಾದರೆ ಕೊಡ ಹಿಡಿದು ಹೊರಡುವುದು. ಯಳಂದೂರಿನವರಿಗೆ ಹೊನ್ನುಹೊಳೆ ಅಂದರೆ ಸುವರ್ಣಾವತಿ. ಕೊಳ್ಳೇಗಾಲದವರಿಗೆ ಬಾವಿ, ದೊಡ್ಡರಂಗನಾಥನ ಕೆರೆ, ಚಿಕ್ಕರಂಗನಾಥನ ಕೆರೆ. ಹೊಳೆ ದಂಡೆಯ ಊರುಗಳಿಗೆ ಕಾವೇರಿ. ಹನೂರಿನ ಬೆಟ್ಟದ ಹಳ್ಳಿಗಳಿಗೆ ಹಳ್ಳ, ಒರತೆ, ಮಳೆ ನಂಬಿದ ಕಟ್ಟೆ.

ಹಳೇ ಬಾವಿಯನ್ನು ನೆನೆದು "ಎಂಥಾ ನೀರು, ಎಂಥಾ ಕಾಲ" ಅನ್ನುವವರಿದ್ದಾರೆ. ಆ ಬಾವಿಗೆ ಎಲ್ಲರೂ ಹಗ್ಗ ಇಳಿಬಿಡುವಂತಿರಲಿಲ್ಲ ಅನ್ನುವುದನ್ನು ಅವರು ಮರೆತಿರುತ್ತಾರೆ. ದಲಿತ ಕೇರಿಯವರು ದೂರದಲ್ಲಿ ಕೊಡ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯುತ್ತಿದ್ದ ಕಾಲ ಅದು. ಹಾಗಾಗಿ ಮನೆ ಬಾಗಿಲಿಗೆ ಪೈಪು ಬಂತು ಅನ್ನುವುದು ಬರೀ ಅನುಕೂಲದ ಮಾತಲ್ಲ. ಕೆಲವರಿಗೆ ಅದು ಮಾನದ ಮಾತು.

ನಮ್ಮ ಸೀಮೆಯ ಪಕ್ಕಕ್ಕೆ ಭಾರಿ ಕಬ್ಬಿಣದ ಪೈಪು ಬಂದಿದ್ದು ಕುಡಿಯುವ ನೀರಿಗಲ್ಲ. ಶಿವನಸಮುದ್ರದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ವಿದ್ಯುತ್ ಯೋಜನೆಗೆ. ಕಾವೇರಿಯ ನೀರನ್ನು ಸುಮಾರು 400 ಅಡಿ ಎತ್ತರದಿಂದ ದಪ್ಪ ಪೈಪುಗಳಲ್ಲಿ ಇಳಿಸಿ, ಯಂತ್ರ ತಿರುಗಿಸಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮುಂದೆ 1974ರಲ್ಲಿ ಅದೇ ಶಿವನಸಮುದ್ರದ ಹತ್ತಿರದಿಂದ, ಹೊಳೆಯಾಚೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಮೂಲಕ, ಕಾವೇರಿ ನೀರು ಸುಮಾರು 100 ಕಿ.ಮೀ. ದೂರದ ಬೆಂಗಳೂರಿಗೆ ಹತ್ತತೊಡಗಿತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಸೇರಿತು. ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಬೆಂಗಳೂರಿನವರು ಕುಡಿಯಬಾರದು ಅಂತಲ್ಲ. ನಮ್ಮ ಮಕ್ಕಳೂ ಅಲ್ಲೇ ಕೆಲಸಕ್ಕಿದ್ದಾರೆ, ಅದೇ ನೀರು ಕುಡಿಯುತ್ತಾರೆ. ಆದರೆ ಆ ಪೈಪು ಶುರುವಾಗುವ ಜಾಗಕ್ಕೆ ಕೂಗಳತೆಯಲ್ಲಿರುವ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಇವತ್ತಿಗೂ ಬೋರ್‌ವೆಲ್ಲಿನ ಗಡಸು ನೀರನ್ನೇ ನಂಬಿವೆ. ನಮ್ಮ ಪೈಪುಗಳು ಬೇಗ ಕಟ್ಟಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ನಮ್ಮ ಹಳ್ಳಿಗಳಲ್ಲಿ ಪೈಪಿನ ಕಥೆ ನಿಜವಾಗಿ ಶುರುವಾಗಿದ್ದು ಬೋರಿಂಗಿನಿಂದ. ಕೈಯಲ್ಲಿ ಒತ್ತುವ ಆ ಪಂಪಿಗೆ ನಾವಿಟ್ಟ ಹೆಸರು ಅದು. 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಪಂಪು ದೇಶದ ಹಳ್ಳಿಹಳ್ಳಿಗೂ ಹೋಯಿತು. ಕರ್ನಾಟಕದಲ್ಲಿ ಬೋರ್‌ವೆಲ್ ಅಂದ ತಕ್ಷಣ ನೆನಪಾಗುವವರು ಅಬ್ದುಲ್ ನಜೀರ್ ಸಾಬ್. ನಮ್ಮ ಪಕ್ಕದ ಗುಂಡ್ಲುಪೇಟೆಯವರು. 1983ರ ನಂತರ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಊರೂರಿಗೂ ಬೋರ್ ಕೊರೆಸಿದರು. ಜನ ಅವರನ್ನು "ನೀರ್ ಸಾಬ್" ಅಂತಲೇ ಕರೆದರು. 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರದೇ ಹೆಸರಿದೆ. ರಾಜಕಾರಣಿಗೆ ಜನ ನೀರಿನ ಹೆಸರಿಟ್ಟು ಕರೆದದ್ದು ನಮ್ಮಲ್ಲಿ ಇನ್ನೊಂದು ಉಂಟೋ ಕಾಣೆ.

ಆ ಬೋರಿಂಗಿನಲ್ಲಿ ಬೆಳಿಗ್ಗೆ ಮೊದಲ ನಾಲ್ಕು ಕೊಡ ಕೆಂಪಗೆ ಬರುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. "ಭೂಮಿನೇ ಕೆಂಪು, ನೀರೂ ಕೆಂಪು" ಅನ್ನುತ್ತಿದ್ದರು. ಕೆಲವು ಕಡೆ ನೆಲದೊಳಗೇ ಕಬ್ಬಿಣದ ಅಂಶ ಇರುತ್ತದೆ, ನಿಜ. ಆದರೆ ಬಹಳಷ್ಟು ಕಡೆ ಅದು ಮಣ್ಣಿನ ಬಣ್ಣವಲ್ಲ, ಕೊಳವೆಯೊಳಗೆ ಇಳಿಬಿಟ್ಟ ಜಿಐ ಪೈಪಿನ ತುಕ್ಕು. ರಾತ್ರಿಯೆಲ್ಲ ನಿಂತ ನೀರು ಕಬ್ಬಿಣವನ್ನು ತಿಂದು ಬೆಳಿಗ್ಗೆ ಮೇಲೆ ಬರುತ್ತಿತ್ತು. ಇವತ್ತು ನಿಮ್ಮ ಬಚ್ಚಲ ನಲ್ಲಿಯಲ್ಲಿ ಬೆಳಿಗ್ಗೆ ಕೆಂಪು ನೀರು ಬಂದು, ಒಂದೆರಡು ನಿಮಿಷದಲ್ಲಿ ತಿಳಿಯಾದರೆ, ಆಗ ಬೋರಿಂಗಿನಲ್ಲಿ ಆಗಿದ್ದೇ ಈಗ ನಿಮ್ಮ ಗೋಡೆಯೊಳಗೆ ಆಗುತ್ತಿದೆ. ಎಷ್ಟು ಬಿಟ್ಟರೂ ಕೆಂಪಾಗಿಯೇ ಬಂದರೆ ತೊಂದರೆ ಹೊರಗಿನ ಲೈನಿನಲ್ಲೋ ಬೋರಿನಲ್ಲೋ ಇದೆ. ಮನೆ ಪೈಪು ಕೀಳಿಸಿ ಪ್ರಯೋಜನವಿಲ್ಲ.

ಜಿಐ ಅಂದರೆ ಕಬ್ಬಿಣಕ್ಕೆ ಸತುವಿನ ಲೇಪ. 1837ರಲ್ಲಿ ಸೋರೆಲ್ ಎಂಬ ಫ್ರೆಂಚ್ ಎಂಜಿನಿಯರ್ ಇದಕ್ಕೆ ಹಕ್ಕುಪತ್ರ ಪಡೆದ. ಸತು ಮೊದಲು ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ, ಮನೆಗೆ ಹಿರಿಮಗ ದುಡಿದ ಹಾಗೆ. ಸತು ಮುಗಿದ ಮೇಲೆ ಕಬ್ಬಿಣದ ಸರದಿ. ಮೊದಲು ಹೋಗುವುದು ಮರೆ ಕೊಯ್ದ ಜಾಗ, ಅಂದರೆ ಎಲ್ಬೋ, ಟೀ, ಸಾಕೆಟ್ ಸೇರುವ ಕಡೆ. ಅಲ್ಲಿ ಲೇಪವೂ ಹೋಗಿರುತ್ತದೆ, ಪೈಪಿನ ದಪ್ಪವೂ ಕಡಿಮೆಯಾಗಿರುತ್ತದೆ. ಇದರ ಮೇಲೆ ಗಡಸು ನೀರಿನ ಸುಣ್ಣ. ಹಳೇ ಅರ್ಧ ಇಂಚಿನ ಪೈಪು ಕೊಯ್ದು ನೋಡಿದರೆ ಪೆನ್ಸಿಲ್ ತೂರುವಷ್ಟೂ ಜಾಗ ಉಳಿಯದೆ ಕಟ್ಟಿಕೊಂಡಿರುವುದುಂಟು. ಟ್ಯಾಂಕ್ ತುಂಬಿದ್ದರೂ ಅಡುಗೆಮನೆಯಲ್ಲಿ ನೂಲಿನ ಹಾಗೆ ಬರುತ್ತದೆ ಎನ್ನುವವರು ಟ್ಯಾಂಕನ್ನು ಇನ್ನೂ ಎತ್ತರಕ್ಕೆ ಏರಿಸುತ್ತಾರೆ. ರೋಗ ಇರುವುದು ಪೈಪಿನಲ್ಲಿ. 1980, 90ರ ದಶಕದಲ್ಲಿ ಹಾಕಿಸಿದ ಜಿಐ ಆದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ ಅಂತಲೇ ತಿಳಿಯಿರಿ. ಸೋಲಾರ್ ಹೀಟರಿನ ತಾಮ್ರದ ಕೊಳವೆಯಿಂದ ಇಳಿದ ಬಿಸಿನೀರು ಜಿಐ ಪೈಪಿಗೆ ಹೋಗುತ್ತಿದ್ದರೆ ಇನ್ನೂ ಬೇಗ ತೂತು ಬೀಳುತ್ತದೆ. ತಾಮ್ರಕ್ಕೂ ಸತುವಿಗೂ ಆಗಿಬರುವುದಿಲ್ಲ.

ಇಲ್ಲಿ ಸೀಸದ ಮಾತೂ ಬರುತ್ತದೆ. ರೋಮನ್ನರು ಸೀಸದ ಪೈಪಿನಲ್ಲಿ ನೀರು ಹರಿಸಿದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ಪ್ಲಂಬಮ್ ಎಂಬ ಹೆಸರು, ನಮ್ಮ ಪ್ಲಂಬರ್ ಪದ ಹುಟ್ಟಿದ್ದೇ ಅದರಿಂದ. ಸೀಸದ ಪೈಪಿಗಿಂತ ಮಣ್ಣಿನ ಕೊಳವೆಯ ನೀರೇ ಒಳ್ಳೆಯದು ಎಂದು ಎರಡು ಸಾವಿರ ವರ್ಷದ ಹಿಂದೆಯೇ ವಿಟ್ರುವಿಯಸ್ ಬರೆದಿಟ್ಟಿದ್ದ. ಆದರೂ ಅಮೆರಿಕದ ಫ್ಲಿಂಟ್ ಪಟ್ಟಣದಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿದಾಗ ಹಳೇ ಸೀಸದ ಪೈಪು ಕರಗಿ ಮಕ್ಕಳ ಮೈಗೆ ವಿಷ ಸೇರಿತು. ನಮ್ಮ ಹಳ್ಳಿ ಮನೆಗಳಲ್ಲಿ ಸೀಸದ ಪೈಪು ಇಲ್ಲ. ಆದರೆ ಸೀಸ ಬೇರೆ ವೇಷದಲ್ಲಿ ಬಂತು. ಪಿವಿಸಿ ಪೈಪು ತಯಾರಿಸುವಾಗ ಬಿಸಿಗೆ ಕೆಡದಿರಲಿ ಎಂದು ಸೀಸದ ಲವಣ ಬೆರೆಸುತ್ತಿದ್ದರು. ಇದನ್ನು ತಡೆಯಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಎನ್ನುವುದು ನಮ್ಮ ದೇಶದ ಮಾನದಂಡ. ಹಳೇ ಪಿವಿಸಿ ಇರುವ ಮನೆಯಲ್ಲಿ ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರನ್ನು ಬೆಳಿಗ್ಗೆ ಕುಡಿಯಲು, ಮಗುವಿನ ಹಾಲಿಗೆ ಬಳಸಬೇಡಿ. ಒಂದು ಬಕೆಟ್ ಹಿಡಿದು ಪಾತ್ರೆಗೋ ಗಿಡಕ್ಕೋ ಹಾಕಿ, ಆಮೇಲೆ ಕುಡಿಯುವುದಕ್ಕೆ ಹಿಡಿಯಿರಿ. ಕುದಿಸಿದರೆ ಸೀಸ ಹೋಗುವುದಿಲ್ಲ.

ಬೋರಿಂಗ್ ಆದ ಮೇಲೆ ತೊಂಬೆಗಳು ಬಂದವು. ಬೋರಿಗೆ ಮೋಟಾರು, ಬೀದಿಗೊಂದು ಸಣ್ಣ ತೊಟ್ಟಿ, ಅದಕ್ಕೆ ನಾಲ್ಕು ನಲ್ಲಿ. ಬಾವಿಯಲ್ಲಿದ್ದ ಭೇದ ಇಲ್ಲಿಗೂ ಬಂತು. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ತೊಂಬೆ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆಯ ನೀರನ್ನೆಲ್ಲ ಬಿಟ್ಟು, ಗಂಜಲ ಹಾಕಿ ತೊಳೆದರೆಂಬ ಆರೋಪ ಬಂದು ಕೇಸಾಯಿತು. ಅಧಿಕಾರಿಗಳು ಬಂದು ಊರಿನ ತೊಂಬೆಗಳಲ್ಲಿ ದಲಿತರಿಗೆ ನೀರು ಕುಡಿಸಿದರು. ಮನೆಗೊಂದು ನಲ್ಲಿ ಯಾಕೆ ಬೇಕು ಎಂದು ಕೇಳುವವರಿಗೆ ಈ ಒಂದು ಊರಿನ ಕಥೆ ಸಾಕು.

ಆ ಮನೆಗೊಂದು ನಲ್ಲಿ 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್‌ನಲ್ಲಿ ಯೋಜನೆಯಾಗಿ ಬಂತು. ನಮ್ಮ ರಾಜ್ಯದಲ್ಲಿ ಅದಕ್ಕೆ "ಮನೆ ಮನೆಗೆ ಗಂಗೆ" ಎಂದು ಹೆಸರಿಟ್ಟರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಗುರಿ. ರಸ್ತೆ ಅಗೆದು ಕಪ್ಪು ಪೈಪು ಹೂತರು, ಮನೆ ಮುಂದೆ ಒಂದು ನಲ್ಲಿ ನಿಲ್ಲಿಸಿದರು. ಎಲ್ಲ ಕಡೆ ಅಲ್ಲ. 2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ ಮತಯಂತ್ರ ಒಡೆದು ದೊಡ್ಡ ಗಲಾಟೆಯಾಯಿತಲ್ಲ, ಅದರ ಹಿಂದಿದ್ದ ಸಿಟ್ಟು ರಸ್ತೆ, ನೀರಿನಂಥ ಸೌಕರ್ಯಗಳಿಲ್ಲ ಅನ್ನುವುದೇ. ನಾವು ಇಲ್ಲಿ ಹಳೇ ಪೈಪು ಬದಲಿಸುವ ಮಾತಾಡುತ್ತಿದ್ದೇವೆ, ಕಾಡಂಚಿನ ಹಲವರಿಗೆ ಮೊದಲ ಪೈಪೇ ಬಂದಿಲ್ಲ.

ಬಂದ ಕಡೆಯೂ ನೀರು ದಿನವಿಡೀ ಬರುವುದಿಲ್ಲ. ವಾಟರ್‌ಮ್ಯಾನ್ ಗೇಟ್‌ವಾಲ್ ತಿರುಗಿಸಿದಾಗ ಬರುತ್ತದೆ. "ನೀರ್ ಬುಟ್ಟವ್ರೆ ಕನವ್ವಾ" ಎಂದು ಕೂಗು ಕೇಳಿದರೆ ಇಡೀ ಬೀದಿ ಎದ್ದು ಓಡುತ್ತದೆ. ಈ ಬಿಟ್ಟು ಬಿಟ್ಟು ಬರುವ ನೀರಿನಲ್ಲೇ ಹಳೇ ಪೈಪಿನ ದೊಡ್ಡ ಅಪಾಯ ಇರುವುದು. ಪೈಪಿನಲ್ಲಿ ನೀರು ರಭಸವಾಗಿ ಹರಿಯುತ್ತಿದ್ದರೆ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ನೀರು ನಿಂತ ತಕ್ಷಣ ಪೈಪು ಖಾಲಿಯಾಗುತ್ತಾ ಒಳಕ್ಕೆ ಎಳೆಯುತ್ತದೆ. ಸುತ್ತ ಚರಂಡಿ ನೀರಿದ್ದರೆ ಅದನ್ನೇ ಎಳೆಯುತ್ತದೆ. ಮಾರನೆಯ ದಿನ ಮೊದಲು ನಿಮ್ಮ ಕೊಡಕ್ಕೆ ಬೀಳುವುದು ಅದೇ.

ನಾವು ಇದಕ್ಕೆ ಎರಡು ರೀತಿ ಕುಮ್ಮಕ್ಕು ಕೊಡುತ್ತೇವೆ. ಒಂದು, ನಲ್ಲಿ ಗುಂಡಿ. ಮೇಲಿನ ನಲ್ಲಿಗೆ ನೀರು ಹತ್ತುವುದಿಲ್ಲ ಎಂದು ಚರಂಡಿ ಪಕ್ಕ ಮೂರಡಿ ಗುಂಡಿ ತೋಡಿ, ಪೈಪನ್ನು ತಳದಲ್ಲೇ ಕೊಯ್ದು, ಬಿಂದಿಗೆ ಇಳಿಸಿ ಹಿಡಿಯುವುದು. ಮಳೆ ಬಂದರೆ ಆ ಗುಂಡಿ ಕೆಸರು ತೊಟ್ಟಿ. ನೀರು ನಿಂತಾಗ ಪೈಪಿನ ಬಾಯಿ ಅದರೊಳಗೇ ಮುಳುಗಿರುತ್ತದೆ. ಎರಡು, ಲೈನಿಗೇ ಮೋಟಾರು ಕಟ್ಟಿ ಎಳೆಯುವುದು. ಮೋಟಾರು ಪಕ್ಕದ ಮನೆಯ ಪಾಲಿನ ನೀರನ್ನಷ್ಟೇ ಎಳೆಯುವುದಿಲ್ಲ, ಬೀದಿಯಲ್ಲಿ ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಿನ ಕೊಳೆಯನ್ನೂ ಎಳೆದು ತರುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇನಲ್ಲಿ ಮೈಸೂರು ತಾಲ್ಲೂಕಿನ ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವೂ ಆಯಿತು. ಸಾಲುಂಡಿ ನಮಗೆ ಬಹಳ ದೂರವಲ್ಲ. ಇನ್ನು ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂಥ ಹೊಳೆ ದಂಡೆಯ ಊರುಗಳಲ್ಲಿ 2018, 2019ರ ಹಾಗೆ ಪ್ರವಾಹ ಬಂದು ಇಳಿದ ಮೇಲೆ, ಪೈಪು ತೊಳೆಯುವಷ್ಟು ನೀರು ಹರಿಸಿ, ಕ್ಲೋರಿನ್ ಹಾಕಿಸಿ, ಪರೀಕ್ಷೆ ಮಾಡಿಸದೆ ಕುಡಿಯಲೇಬಾರದು. ನೀರು ಪರೀಕ್ಷೆಯ ಕಿಟ್‌ಗಳು ಪಂಚಾಯಿತಿಗಳಲ್ಲಿ ಇರಬೇಕು. ಕೇಳಿ, ನಿಮ್ಮ ಹಕ್ಕು ಅದು.

ಈಗ ಪೈಪು ಬದಲಿಸುವ ಕೆಲಸಕ್ಕೆ ಬರೋಣ. ಪ್ಲಂಬರ್‌ಗಿಂತ ಮೊದಲು ಕರೆಸಬೇಕಾದವರು ಎಲೆಕ್ಟ್ರಿಷಿಯನ್. ಆಶ್ಚರ್ಯ ಆಗಬಹುದು. ಹಳೇ ಮನೆಗಳಲ್ಲಿ ಕರೆಂಟು ಎಳೆದಾಗ ಅರ್ತಿಂಗ್‌ಗೆಂದು ಬೇರೆ ಗುಂಡಿ ತೋಡದೆ, ಅರ್ತ್ ವೈರನ್ನು ನೀರಿನ ಕಬ್ಬಿಣದ ಪೈಪಿಗೇ ಸುತ್ತಿಬಿಟ್ಟಿರುವುದು ಸಾಮಾನ್ಯ. ಪೈಪು ನೆಲದೊಳಗೆ ಹೋಗುತ್ತಿದ್ದರಿಂದ ಅದು ಹೇಗೋ ನಡೆದುಕೊಂಡು ಬಂತು. ಈಗ ನೆಲದೊಳಗಿನ ಜಿಐ ಕಿತ್ತು ಪ್ಲಾಸ್ಟಿಕ್ ಹಾಕಿದರೆ ಆ ಮನೆಗೆ ಅರ್ತಿಂಗೇ ಇಲ್ಲದ ಹಾಗಾಯಿತು. ಬಲ್ಬು ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಗೀಸರ್ ಒಳಗೆ ಎಲ್ಲೋ ಲೀಕ್ ಆದ ದಿನ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರಿಗೆ ಗೊತ್ತಾಗುತ್ತದೆ. ಅದೂ ಗೋಡೆಯಲ್ಲಿ ಅರ್ಧ ಕಬ್ಬಿಣ ಉಳಿಸಿ, ರಸ್ತೆ ಕಡೆ ಮಾತ್ರ ಪ್ಲಾಸ್ಟಿಕ್ ಮಾಡಿದ ಮನೆಯಲ್ಲಿ ಅಪಾಯ ಇನ್ನೂ ಹೆಚ್ಚು. ಆಗ ಕರೆಂಟು ಆ ಕಬ್ಬಿಣದಲ್ಲೇ ಕಾಯುತ್ತಿರುತ್ತದೆ. ಮೊದಲು ಬೇರೆ ಅರ್ತಿಂಗ್ ಗುಂಡಿ ಮಾಡಿಸಿ, ಶಾಕ್ ಹೊಡೆಯುವ ಮೊದಲೇ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ಆಮೇಲೆ ಪೈಪಿಗೆ ಕೈ ಹಾಕಿ.

ಪ್ಲಾಸ್ಟಿಕ್ಕಿನಲ್ಲೂ ಎಲ್ಲ ಒಂದೇ ಅಲ್ಲ. ತಣ್ಣೀರಿಗೆ ಯುಪಿವಿಸಿ ಸಾಕು. ಸೋಲಾರ್, ಗೀಸರ್ ನೀರಿಗೆ ಸಿಪಿವಿಸಿಯೇ ಬೇಕು, ಯುಪಿವಿಸಿ ಬಿಸಿಗೆ ಮೆತ್ತಗಾಗಿ ಬಾಗುತ್ತದೆ. ಕುಡಿಯುವ ನೀರಿನ ಪಿವಿಸಿ ಪೈಪಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 4985, ಸಿಪಿವಿಸಿ ಮೇಲೆ ಐಎಸ್ 15778 ಎಂದು ಅಚ್ಚಾಗಿರಬೇಕು. ಗದ್ದೆಗೆ ತಂದು ಉಳಿದ ಪೈಪು, ವೈರಿಂಗಿನ ಕೊಳವೆ ಇವುಗಳನ್ನು ಕುಡಿಯುವ ನೀರಿಗೆ ಜೋಡಿಸಬೇಡಿ. ಬೆಂಕಿಯಲ್ಲಿ ಪೈಪು ಕಾಯಿಸಿ, ಬಾಯಿ ಅಗಲ ಮಾಡಿ ಒಂದರೊಳಗೊಂದು ತುರುಕುವ ಗದ್ದೆಯ ವಿದ್ಯೆ ಮನೆಯೊಳಗೆ ಬೇಡ. ಯುಪಿವಿಸಿಗೂ ಸಿಪಿವಿಸಿಗೂ ಅಂಟು ಬೇರೆ ಬೇರೆ. ಒಂದೇ ಡಬ್ಬದಲ್ಲಿ ಎರಡನ್ನೂ ಅಂಟಿಸುವವರನ್ನು ಅಲ್ಲೇ ತಡೆಯಿರಿ. ಜಿಐಯನ್ನೇ ಮತ್ತೆ ಹಾಕಿಸುವುದಾದರೆ ಬಣ್ಣದ ಪಟ್ಟಿ ನೋಡಿ: ಹಳದಿ ತೆಳುವಿನದು, ನೀಲಿ ಮಧ್ಯಮ, ಕೆಂಪು ದಪ್ಪದ್ದು. ಮಧ್ಯಮದ ದುಡ್ಡು ಪಡೆದು ತೆಳುವಿನದು ಕೊಟ್ಟರೆ ಆ ಪಟ್ಟಿ ನೋಡಿಯೇ ಹಿಡಿಯಬಹುದು.

ಮಣ್ಣಿನ ಗೋಡೆಯ, ನಾಡಹೆಂಚಿನ ಮನೆಗಳ ಬಗ್ಗೆ ಒಂದು ಮಾತು. ಪೇಟೆ ಮನೆ ನೋಡಿ ಗೋಡೆ ಕೊರೆದು ಒಳಗೆ ಪೈಪು ಹೂಳಬೇಡಿ. ಸಿಮೆಂಟು ಗೋಡೆಯಲ್ಲಿ ಸೋರಿದರೆ ಕಲೆ ಬೀಳುತ್ತದೆ, ಮಣ್ಣಿನ ಗೋಡೆಯಲ್ಲಿ ಸೋರಿದರೆ ಗೋಡೆಯೇ ಬೀಳುತ್ತದೆ. ಹೊರಗೆ, ಕಣ್ಣಿಗೆ ಕಾಣುವಂತೆ, ಕ್ಲಾಂಪು ಹೊಡೆದು ಒಯ್ಯಿರಿ. ಚೆಂದ ಕಾಣದಿರಬಹುದು, ಆದರೆ ಸೋರಿದ ದಿನವೇ ಗೊತ್ತಾಗುತ್ತದೆ. ಬಿಸಿಲು ಬೀಳುವ ಕಡೆ ಪಿವಿಸಿಗೆ ಬಣ್ಣ ಬಳಿಸಿ, ಇಲ್ಲದಿದ್ದರೆ ಕೆಲವೇ ವರ್ಷಕ್ಕೆ ಸೀಳುತ್ತದೆ.

ಹಳೇದರಲ್ಲಿ ತೂತು ಬಿದ್ದ ತುಂಡನ್ನು ಮಾತ್ರ ಬದಲಿಸುತ್ತಾ ಹೋಗುವುದು ಅಗ್ಗ ಅನಿಸುತ್ತದೆ. ಒಂದು ಕಡೆ ತೂತು ಬಿದ್ದ ಜಿಐ ಉಳಿದ ಕಡೆಯೂ ಅಷ್ಟೇ ತೆಳುವಾಗಿರುತ್ತದೆ. ಪೈಪ್ ರೆಂಚು ಹಾಕಿ ತಿರುಗಿಸಿದ ಪೆಟ್ಟಿಗೆ ಪಕ್ಕದ ಮರೆಯೂ ಕಿತ್ತು ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಮಾಡಿಸಲು ದುಡ್ಡಿಲ್ಲದಿದ್ದರೆ ಮೊದಲು ಅಡುಗೆಮನೆ ಮತ್ತು ಕುಡಿಯುವ ನೀರಿನ ಲೈನು, ಬಚ್ಚಲಿನದು ಮುಂದಿನ ವರ್ಷ. ಮನೆಯ ಹೊರಗೆ ರಸ್ತೆ ಅಗೆಯಬೇಕಾದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಹನೂರು, ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿ, ಕೊಳ್ಳೇಗಾಲದಲ್ಲಿ ನಗರಸಭೆಯ ಒಪ್ಪಿಗೆ ಪಡೆಯಿರಿ. ರಸ್ತೆಯಿಂದ ಬರುವ ಪೈಪು ಚರಂಡಿಯೊಳಗೆ ಹಾಯದಂತೆ ಮಾಡಿಸುವುದೂ ಆಗಲೇ. ಹಾಗೆಯೇ ನಲ್ಲಿ ಗುಂಡಿ ಮುಚ್ಚಿಸಿ. ನೀರು ಮೇಲೇರದಿದ್ದರೆ ಬಾಯಿ ನೆಲಕ್ಕಿಂತ ಒಂದಡಿ ಎತ್ತರ ಇರುವ, ಮುಚ್ಚಳ ಭದ್ರವಾದ ಸಂಪು ಕಟ್ಟಿಸಿ ಅದಕ್ಕೆ ತುಂಬಿಸಿಕೊಳ್ಳಿ, ಮೋಟಾರನ್ನು ಸಂಪಿಗೆ ಹಾಕಿ.

ಕೆಲಸ ಮುಗಿಯಿತು ಎಂದ ತಕ್ಷಣ ಗೋಡೆ ಮುಚ್ಚಲು ಬಿಡಬೇಡಿ. ಅಂಟು ಒಣಗಲು ಒಂದು ದಿನ ಕೊಡಿ. ಆಮೇಲೆ ನೀರು ತುಂಬಿಸಿ, ಎಲ್ಲ ನಲ್ಲಿ ಕಟ್ಟಿ, ಟ್ಯಾಂಕಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಗೆರೆಯಿಂದ ನೀರು ಇಳಿದಿದ್ದರೆ ಪ್ಲಂಬರ್‌ಗೆ ಪೂರ್ತಿ ಬಾಕಿ ಕೊಡಬೇಡಿ. ಹಳೇ ತುಕ್ಕು, ಹೊಸ ಅಂಟಿನ ವಾಸನೆ ಹೋಗುವ ತನಕ ನಲ್ಲಿಗಳನ್ನು ಬಿಟ್ಟು ಹರಿಸಿ, ಆಮೇಲಷ್ಟೇ ಕುಡಿಯಲು ಬಳಸಿ. ಗೋಡೆ ಮುಚ್ಚುವ ಮೊದಲು ಪೈಪಿನ ಪಕ್ಕ ಅಳತೆ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಎಂದು ಕಾಣುವ ಹಾಗೆ. ಒಂದು ಪ್ರಿಂಟು ಹಾಕಿಸಿ, ಹಿಂದೆ ವರ್ಷ, ಪೈಪಿನ ಹೆಸರು, ಐಎಸ್ ನಂಬರು ಬರೆದು ಮನೆಪತ್ರದ ಜೊತೆ ಇಡಿ. ಮೂವತ್ತು ವರ್ಷ ಬಿಟ್ಟು ನಿಮ್ಮ ಮೊಮ್ಮಗ ಗೋಡೆಗೆ ಮೊಳೆ ಹೊಡೆಯುವಾಗ ಮೊದಲು ಹುಡುಕುವುದು ಅದನ್ನೇ.